ಗುಬ್ಬಿಗಳ ಗುಂಪಿನಲ್ಲಿ ಒಂದು ಕೆಂಪು ತಲೆ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಕಾಫಿ ತೋಟ. ಅಂಚಿನಲ್ಲಿರುವ ಬಿದಿರುಮೆಳೆ ಈ ವರ್ಷ ಹೂ ಬಿಟ್ಟು ಅಕ್ಕಿ ಕಟ್ಟಿದೆ. ಜನವರಿಯಲ್ಲಿ ಅಲ್ಲಿಗೆ ಹದಿನೈದಿಪ್ಪತ್ತು ಹಕ್ಕಿಗಳು ಬಂದಿದ್ದವು. ನೋಡಲು ಗುಬ್ಬಿಯ ಹಾಗೇ ಇದ್ದವು. ಆದರೆ ಎರಡು ಹಕ್ಕಿಗಳಿಗೆ ಮಾತ್ರ ತಲೆ, ಎದೆ ಕುಂಕುಮದ ನೀರಿನಲ್ಲಿ ಅದ್ದಿದ ಹಾಗೆ ಕೆಂಪು. ‘ಒಂದು ಹುಂಜಕ್ಕೆ ಹತ್ತು ಹೇಂಟೆ ಇರಲ್ವಾ, ಹಾಗೇ ಇದು’ ಅಂತಾರೆ ನಮ್ಮ ಮಾವ. ನಿಜವೇ? ಇದು ಯಾವ ಹಕ್ಕಿ? ಕಾಳು ಹಾಕಿದರೆ ಇಲ್ಲೇ ಉಳಿಯುತ್ತದೆಯೇ?

ಉತ್ತರ: ನೀವು ನೋಡಿದ್ದು ರೋಸ್‌ಫಿಂಚ್. ಹಿಂದಿಯವರು ತೂತಿ ಅನ್ನುತ್ತಾರೆ. ನಮ್ಮಲ್ಲಿ ಹಕ್ಕಿ ನೋಡುವವರೂ ಇಂಗ್ಲಿಷ್ ಹೆಸರನ್ನೇ ಹೇಳುವುದು ಜಾಸ್ತಿ. ಗಾತ್ರದಲ್ಲಿ ಗುಬ್ಬಿಯಷ್ಟೇ, ಸುಮಾರು 15 ಸೆಂಟಿಮೀಟರ್. ಮುಂದಿನ ಸಲ ಕೆಂಪು ಹಕ್ಕಿಯನ್ನು ಬಿಟ್ಟು ಕಂದು ಹಕ್ಕಿಯ ಮುಖ ನೋಡಿ. ಹೆಣ್ಣು ಗುಬ್ಬಿಗೆ ಕಣ್ಣಿನ ಮೇಲೆ ಹುಬ್ಬಿನಂಥ ತಿಳಿ ಗೆರೆ ಇರುತ್ತದೆ. ಇದಕ್ಕೆ ಅದಿಲ್ಲ. ಬೋಳು ಮುಖದಲ್ಲಿ ಒಂದು ಕಪ್ಪು ಮಣಿ ಇಟ್ಟಂತೆ ಕಣ್ಣು ಕಾಣುತ್ತದೆ. ಎದೆಯ ಮೇಲೆ ಕಂದು ಗೀರುಗಳಿರುತ್ತವೆ, ಕೊಕ್ಕು ಮೋಟು ಮತ್ತು ದಪ್ಪ. ಹುಲ್ಲಿನಲ್ಲಿ ಕಾಣುವ ಕೆಂಪು ರಾಟವಾಳವೇ ಬೇರೆ. ಅದು ಇದಕ್ಕಿಂತ ಚಿಕ್ಕದು, ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ.

ಇನ್ನು ಮಾವನವರ ಮಾತು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅರ್ಥ ತಪ್ಪಿದೆ. ಕಂದು ಬಣ್ಣದವೆಲ್ಲ ಹೆಣ್ಣುಗಳಲ್ಲ. ಈ ಜಾತಿಯ ಗಂಡುಮರಿ ಹುಟ್ಟಿದ ಮೊದಲ ವರ್ಷ ಪೂರ್ತಿ ಕಂದಾಗಿಯೇ ಇರುತ್ತದೆ. ಥೇಟ್ ಅಮ್ಮನ ಹಾಗೆ. ಮರುವರ್ಷದ ಬೇಸಿಗೆಯಲ್ಲಿ ಅದೇ ಕಂದು ಅಂಗಿಯಲ್ಲಿ ಹಾಡುತ್ತದೆ, ಜೋಡಿ ಹುಡುಕುತ್ತದೆ, ಕೆಲವಕ್ಕೆ ಸಂಸಾರವೂ ಆಗುತ್ತದೆ. ಕೆಂಪು ಬರುವುದು ಆಮೇಲೆ. ಹಾಗಾಗಿ ನಿಮ್ಮ ಬಿದಿರಿನ ಮೇಲಿದ್ದ ಗುಂಪಿನಲ್ಲಿ ಹೆಣ್ಣುಗಳ ಜೊತೆ ಮೀಸೆ ಮೂಡದ ಹುಡುಗರೂ ಇದ್ದಿರಬೇಕು. ಹುಂಜದ ಹೋಲಿಕೆ ಇನ್ನೊಂದು ಕಡೆಯೂ ಒಪ್ಪುವುದಿಲ್ಲ. ಈ ಹಕ್ಕಿ ಸಾಮಾನ್ಯವಾಗಿ ಜೋಡಿಯಾಗಿ ಬಾಳುತ್ತದೆ. ಹೆಣ್ಣು ಕಾವಿಗೆ ಕೂತಾಗ ಗಂಡು ಅದಕ್ಕೆ ಗುಟುಕು ತಂದು ಕೊಡುತ್ತದೆ. ಇದನ್ನು ಮಾವನವರಿಗೆ ಮೆಲ್ಲಗೆ ಹೇಳಿ.

ಆ ಸಂಸಾರ ನಡೆಯುವುದು ಇಲ್ಲಲ್ಲ, ಬೆಟ್ಟದ ಮೇಲೆ. ಹಿಮಾಲಯದಲ್ಲಿ ಸುಮಾರು 3,000 ಮೀಟರ್ ಆಚೀಚೆ ದೊಡ್ಡ ಮರಗಳು ಮುಗಿದು ಪೊದೆಗಳು ಶುರುವಾಗುವ ಜಾಗಗಳಿವೆ. ಕಾಡುಗುಲಾಬಿ, ಜುನಿಪರ್‌ನಂಥ ಕುರುಚಲು ಗಿಡಗಳ ಸೀಮೆ ಅದು. ಅಲ್ಲಿ ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲೇ ಹೆಣ್ಣು ಹುಲ್ಲಿನ ಬಟ್ಟಲುಗೂಡು ಕಟ್ಟುತ್ತದೆ. ಮೊಟ್ಟೆ ನೀಲಿ, ಮೇಲೆ ಕಪ್ಪು ಚುಕ್ಕೆ. ಸುಮಾರು ಹನ್ನೆರಡು ದಿನಕ್ಕೆ ಮರಿ.

ಈ ಮರಿಗಳ ಊಟದ ವಿಷಯ ನನಗೆ ತುಂಬ ಇಷ್ಟ. ಗುಬ್ಬಿ, ಗೀಜಗ ಎರಡೂ ಕಾಳು ತಿನ್ನುವ ಹಕ್ಕಿಗಳೇ, ಅಲ್ವಾ? ಆದರೂ ಮರಿಗೆ ಹುಳ ಹಿಡಿದು ತರುತ್ತವೆ, ಬೆಳೆಯುವ ಮೈಗೆ ಪ್ರೋಟೀನ್ ಬೇಕಲ್ಲ. ರೋಸ್‌ಫಿಂಚ್ ಮಾತ್ರ ಮರಿಗೂ ಹೆಚ್ಚಾಗಿ ಬೀಜವನ್ನೇ ಕೊಡುತ್ತದೆ. ನಡುವೆ ಒಂದಿಷ್ಟು ಹುಳ, ಅಷ್ಟೇ. ಗಟ್ಟಿ ಕಾಳಿಗಿಂತ ಇನ್ನೂ ಹಾಲು ತುಂಬಿದ ಎಳೆ ಬೀಜ ಸಿಕ್ಕಿದರೆ ಅನುಕೂಲ. ಆ ಎತ್ತರದಲ್ಲಿ ಹಿಮ ಕರಗಿದ ಮೇಲೆ ಎಲ್ಲ ಗಿಡಗಳೂ ಅವಸರದಲ್ಲಿ ಹೂ ಬಿಟ್ಟು ಬೀಜ ಕಟ್ಟುತ್ತವೆ. ಹಕ್ಕಿಯೂ ಅದೇ ಅವಸರದಲ್ಲಿ ಮರಿ ಸಾಕಿ ಮುಗಿಸುತ್ತದೆ.

ಬಿದಿರಕ್ಕಿಯನ್ನು ಅದು ತಿನ್ನುವುದನ್ನು ಬೈನಾಕ್ಯುಲರ್‌ನಲ್ಲಿ ಐದು ನಿಮಿಷ ನೋಡಿ. ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನ ಅಂಚಿಗೆ ಸಿಕ್ಕಿಸಿ, ನಾಲಿಗೆಯಿಂದ ತಿರುಗಿಸುತ್ತಾ ಸಿಪ್ಪೆ ಸೀಳುತ್ತದೆ. ಹೊಟ್ಟು ಕೊಕ್ಕಿನ ಪಕ್ಕದಿಂದ ಉದುರುತ್ತದೆ, ತಿರುಳು ಮಾತ್ರ ಒಳಗೆ ಹೋಗುತ್ತದೆ. ಭತ್ತದ ಗಿರಣಿಯ ಕೆಲಸವೇ. ಅರೆಯುವುದು ಹೊಟ್ಟೆಯಲ್ಲಿ, ನುಂಗಿದ ಸಣ್ಣ ಹರಳುಗಳ ಸಹಾಯದಿಂದ. ಬಿದಿರು ಹೂ ಬಿಟ್ಟರೆ ಬರ ಬರುತ್ತದೆ ಅನ್ನುವ ಮಾತಿದೆ ನೋಡಿ, ಈ ಹಕ್ಕಿಗಂತೂ ಅದು ಸುಗ್ಗಿ. ಆದರೆ ಹೆಬ್ಬಿದಿರು ಹೂ ಬಿಡುವುದು ಹಲವು ದಶಕಗಳಿಗೊಮ್ಮೆ. ಬೀಜ ಉದುರಿಸಿ ಮೆಳೆಯೇ ಒಣಗುತ್ತದೆ. ಮುಂದಿನ ವರ್ಷ ಇಷ್ಟು ದೊಡ್ಡ ಗುಂಪು ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಕಾಳು ಹಾಕಿದರೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊರಟೇಬಿಡುತ್ತದೆ. ಕಾಳಿನ ಬದಲು ಬೇಲಿ ಸಾಲಿನ ಒಂದು ಪಟ್ಟಿಗೆ ಕಳೆನಾಶಕ ಹೊಡೆಯದೆ ಬಿಡಿ. ಅಲ್ಲಿನ ಹುಲ್ಲು, ಕಳೆಗಳ ಬೀಜ ಅದಕ್ಕೆ ಸಾಕು. ಒಂದು ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಇನ್ನೂ ಒಳ್ಳೆಯದು. ಒಣಕಾಳು ತಿನ್ನುವ ಹಕ್ಕಿಗೆ ನೀರು ಬೇಕೇ ಬೇಕು.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಇಂಥದ್ದೇ ಕೆಂಪು ಹಕ್ಕಿಯನ್ನು ಪಂಜರದಲ್ಲಿ ಸಾಕಿದ್ದಾರೆ. ತಂದಾಗ ಕೆಂಪಗಿತ್ತು, ವರ್ಷದೊಳಗೆ ಹಳದಿಗೆ ತಿರುಗಿದೆ. ಮಾರಿದವನು ಬಣ್ಣ ಬಳಿದು ಮೋಸ ಮಾಡಿರಬಹುದೇ?

ಉತ್ತರ: ಬಣ್ಣ ಬಳಿದಿರಲಿಕ್ಕಿಲ್ಲ. ರೋಸ್‌ಫಿಂಚ್‌ನ ಕೆಂಪು ಬರುವುದೇ ಊಟದಿಂದ. ಗಿಡಗಳಲ್ಲಿ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಪದಾರ್ಥಗಳಿರುತ್ತವೆ. ಕ್ಯಾರೆಟ್‌ನ ಕೇಸರಿಯೂ ಇದರಿಂದಲೇ. ಹಕ್ಕಿ ತಾನು ತಿಂದ ಹಳದಿಯನ್ನು ಮೈಯೊಳಗೆ ಕೆಂಪಾಗಿ ಬದಲಿಸಿ, ಹೊಸ ಗರಿ ಬೆಳೆಯುವಾಗ ಅದಕ್ಕೆ ತುಂಬುತ್ತದೆ. ಬೆಳೆದು ಮುಗಿದ ಗರಿಗೆ ಮತ್ತೆ ಬಣ್ಣ ಹಾಕಲು ಆಗುವುದಿಲ್ಲ. ಪಂಜರದಲ್ಲಿ ಬರೀ ನವಣೆ ತಿನ್ನುತ್ತಾ ಗರಿ ಬದಲಿಸಿದರೆ ಹಳದಿಯೇ ಗತಿ.

ಇಲ್ಲೊಂದು ಸ್ವಾರಸ್ಯ ಇದೆ. ಫಿನ್‌ಲ್ಯಾಂಡ್, ರಷ್ಯಾ ಕಡೆಯ ರೋಸ್‌ಫಿಂಚ್‌ಗಳೂ ಚಳಿಗಾಲಕ್ಕೆ ನಮ್ಮ ದೇಶದ ಕಡೆಗೇ ಬರುತ್ತವೆ. ಯುರೋಪಿನ ಎಷ್ಟೋ ಹಕ್ಕಿಗಳು ಆಫ್ರಿಕಾದ ದಾರಿ ಹಿಡಿದರೆ ಇವು ಪೂರ್ವಕ್ಕೆ ಮುಖ ಮಾಡುತ್ತವೆ. ಬರುವಾಗ ಹಳೇ ಗರಿಯಲ್ಲೇ ಬರುತ್ತವೆ. ಇಲ್ಲಿ ತಲುಪಿದ ಮೇಲೆ ಅದನ್ನು ಉದುರಿಸಿ ಹೊಸ ಗರಿ ಬೆಳೆಸುತ್ತವೆ. ಅಂದರೆ ಮೇ ತಿಂಗಳಲ್ಲಿ ಅಲ್ಲೆಲ್ಲೋ ಹೆಣ್ಣಿನ ಮುಂದೆ ಮೆರೆಸುವ ಕೆಂಪು ನಮ್ಮ ಕಡೆಯ ಕಾಳು, ಹಣ್ಣು ತಿಂದು ಆದದ್ದು! ಹೊಸ ಗರಿಯ ತುದಿ ಮೊದಲು ಮಾಸಲು. ತಿಂಗಳು ಕಳೆದಂತೆ ಆ ತುದಿ ಸವೆದು ಒಳಗಿನ ಕೆಂಪು ಎದ್ದು ಕಾಣುತ್ತದೆ.

ಮೋಸ ಬೇರೆ ಕಡೆ ಇದೆ. ಇದು ನಮ್ಮ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು ಎಲ್ಲವೂ ಅಪರಾಧ. ಹಾಗಂತ ಪಕ್ಕದ ಮನೆಯವರು ಹೆದರಿ ಇವತ್ತೇ ಬಾಗಿಲು ತೆಗೆದು ಹಾರಿಸಿಬಿಡುವುದು ಬೇಡ. ವರ್ಷಗಟ್ಟಲೆ ಕೂತ ಹಕ್ಕಿಗೆ ರೆಕ್ಕೆಯ ಬಲ ಹೋಗಿರುತ್ತದೆ, ಕಾಗೆಗೋ ಬೆಕ್ಕಿಗೋ ತುತ್ತಾಗುತ್ತದೆ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ ಒಪ್ಪಿಸಲು ಹೇಳಿ.