ಅಪ್ಪ ಕುಡಿಯುವುದೇ ಇಲ್ಲ, ಆದರೂ ಪ್ಯಾಂಕ್ರಿಯಾಟೈಟಿಸ್ ಹೇಗೆ ಬಂತು?

ಕುಡಿಯದವರಿಗೂ ಬರುತ್ತದೆ. ದಯವಿಟ್ಟು ಅಪ್ಪನನ್ನು ಅನುಮಾನದಿಂದ ನೋಡಬೇಡಿ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಮ್ಮ ಮಾವ ಒಂದು ತೊಟ್ಟೂ ಮುಟ್ಟಿದವರಲ್ಲ. ಅವರಿಗೂ ಇದೇ ಆಯಿತು, ಜನರ ಮಾತೇ ನೋವಿಗಿಂತ ಜಾಸ್ತಿ ಚುಚ್ಚಿತು.

ಪ್ಯಾಂಕ್ರಿಯಾಸ್ ಅಂದರೆ ಹೊಟ್ಟೆಯ ಹಿಂದೆ ಅಡಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಗ್ರಂಥಿ. ಊಟ ಕರಗಿಸುವ ರಸ ಅಲ್ಲೇ ತಯಾರಾಗುತ್ತದೆ. ಆ ರಸ ಕರುಳಿಗೆ ಇಳಿದ ಮೇಲೆ ಚುರುಕಾಗಬೇಕು. ಗ್ರಂಥಿಯೊಳಗೇ ಚುರುಕಾದರೆ ಅದು ಗ್ರಂಥಿಯನ್ನೇ ಕರಗಿಸಲು ಶುರು ಮಾಡುತ್ತದೆ. ಊತ, ನೋವು ಎಲ್ಲ ಅದರಿಂದಲೇ. ಇದಕ್ಕೇ ಪ್ಯಾಂಕ್ರಿಯಾಟೈಟಿಸ್ ಅನ್ನುವುದು.

ಮದ್ಯ ಒಂದು ದೊಡ್ಡ ಕಾರಣ, ನಿಜ. ಅಷ್ಟೇ ದೊಡ್ಡದು ಪಿತ್ತಕೋಶದ ಕಲ್ಲು. ಸಣ್ಣ ಕಲ್ಲೊಂದು ಜಾರಿ, ಆ ರಸ ಹರಿಯುವ ನಾಳಕ್ಕೆ ಅಡ್ಡ ಕೂತರೆ ಸಾಕು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 1000 mg/dL ದಾಟಿದರೂ ಅಪಾಯ. ಕೆಲವು ಮಾತ್ರೆಗಳಿಂದಲೂ ಆಗುತ್ತದೆ.

ಮಾವ ಎರಡು ದಿನ ಗ್ಯಾಸ್ ಎಂದುಕೊಂಡು ಸುಮ್ನೆ ಅಸಿಡಿಟಿ ಮಾತ್ರೆ ನುಂಗಿದರು. ಮುಂಬೈಯಲ್ಲಿ ಹೊಟ್ಟೆನೋವು ಅಂದರೆ ವಡಾಪಾವ್ ಮೇಲೆ ತಪ್ಪು ಹಾಕುತ್ತೇವೆ, ಅಲ್ವಾ? ಮೇಲ್ಹೊಟ್ಟೆಯ ಜೋರು ನೋವು ಬೆನ್ನಿಗೆ ಹರಡಿ, ವಾಂತಿ ನಿಲ್ಲದಿದ್ದರೆ ತಡ ಮಾಡಬೇಡಿ. ಲೈಪೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಒಂದು ಕಿಣ್ವ) ರಕ್ತಪರೀಕ್ಷೆ, ಸೋನೋಗ್ರಫಿ ಮಾಡುತ್ತಾರೆ. ಡ್ರಿಪ್, ನೋವಿಗೆ ಔಷಧಿ ಕೊಟ್ಟರೆ ಹೆಚ್ಚಿನವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಐಸಿಯು ಬೇಕಾಗುತ್ತದೆ.

ಕಾರಣ ಕಲ್ಲೇ ಆಗಿದ್ದರೆ, ಪಿತ್ತಕೋಶ ತೆಗೆಸುವುದು ಯಾವಾಗ ಎಂದು ಡಿಸ್ಚಾರ್ಜ್‌ಗೆ ಮೊದಲೇ ಡಾಕ್ಟರನ್ನು ಕೇಳಿ. ಮುಂದೂಡಿದರೆ ಮತ್ತೆ ಬರಬಹುದು.