ಕಡಲ ತಳದ ಬೂಷ್ಟಿನಲ್ಲಿ ಕ್ಯಾನ್ಸರ್ ಮದ್ದು ಇದೆಯಾ?

ಪ್ರಶ್ನೆ: ಆಳ ಸಮುದ್ರದ ಶಿಲೀಂಧ್ರಗಳಲ್ಲಿ ಕ್ಯಾನ್ಸರ್ ಮದ್ದು ಹುಡುಕುತ್ತಿದ್ದಾರೆ ಅಂತ ಓದಿದೆ. ಬೂಷ್ಟು ಬೇಕಾದರೆ ನಮ್ಮ ಕಾಫಿ ತೋಟದಲ್ಲೇ ಬೇಕಾದಷ್ಟಿದೆ, ಅಷ್ಟು ಆಳಕ್ಕೆ ಯಾಕೆ ಹೋಗಬೇಕು ಸರ್? ನಮ್ಮ ಅತ್ತೆಗೆ ಕೀಮೋ ನಡೆಯುತ್ತಿದೆ. ಈ ಮದ್ದು ಎಲ್ಲಾದರೂ ಸಿಗುತ್ತಾ?
– ಓದುಗರು, ಸೋಮವಾರಪೇಟೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸಿಗಲ್ಲ. ಆಳ ಸಮುದ್ರದ ಶಿಲೀಂಧ್ರದಿಂದ ಬಂದು ಅನುಮತಿ ಪಡೆದ ಕ್ಯಾನ್ಸರ್ ಔಷಧಿ ಇವತ್ತಿಗೆ ಒಂದೂ ಇಲ್ಲ. ಆ ಹೆಸರು ಹೇಳಿಕೊಂಡು ಯಾರಾದರೂ ಕ್ಯಾಪ್ಸೂಲ್ ಮಾರಲು ಬಂದರೆ ತಗೋಬೇಡಿ. ಕೀಮೋ ನಡೆಯುವಾಗ ಡಾಕ್ಟರಿಗೆ ಹೇಳದೆ ಅತ್ತೆಯವರಿಗೆ ಏನನ್ನೂ ಕೊಡಬೇಡಿ.

ಇನ್ನು ತೋಟದ ಬೂಷ್ಟು. ಎರಡೂ ಕಡೆ ಇರುವುದು ಹೆಚ್ಚುಕಡಿಮೆ ಒಂದೇ ಬಳಗ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಹಿಂದೂ ಮಹಾಸಾಗರದ ಸುಮಾರು 5000 ಮೀಟರ್ ಆಳದ ಕೆಸರಿನಿಂದ ಶಿಲೀಂಧ್ರ ಬೆಳೆಸಿದಾಗ ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ ಗುಂಪು ಸಿಕ್ಕಿತ್ತು. ಕೊಯ್ಲಿನ ಹೊತ್ತಿಗೆ ಮಳೆ ಬಂದು ಕಣದಲ್ಲಿ ಕಾಫಿ ಹಣ್ಣು (ಚೆರಿ) ಒಣಗದಿದ್ದರೆ ಅದರ ಮೇಲೆ ಏಳುವುದೂ ಇದೇ ಗುಂಪು. ಮೂತ್ರಪಿಂಡಕ್ಕೆ ಕೆಡುಕು ಮಾಡುವ ಓಕ್ರಾಟಾಕ್ಸಿನ್ ಅನ್ನೋ ವಿಷ ಕಾಫಿಗೆ ಸೇರುವುದು ಹೀಗೇ. ಆದರೆ ಕಡಲ ತಳದಲ್ಲಿ ಬೆಳಕಿಲ್ಲ, 2–4 ಡಿಗ್ರಿ ಚಳಿ, ಒತ್ತಡ ಇಲ್ಲಿಯ 500 ಪಟ್ಟು. ಅಲ್ಲಿ ಬದುಕುವವು ಹೊಸ ಥರದ ರಾಸಾಯನಿಕ ಮಾಡಬಹುದು ಅನ್ನೋದು ಲೆಕ್ಕಾಚಾರ. ನೆಲದ ಮಣ್ಣನ್ನು ಪೆನ್ಸಿಲಿನ್ ಕಾಲದಿಂದ ಜಾಲಾಡಿ ಆಗಿದೆ, ಈಗ ಹಳೆಯದೇ ಮತ್ತೆ ಮತ್ತೆ ಸಿಗುತ್ತದೆ.

ಲ್ಯಾಬಿನಲ್ಲಿ ಏನು ಮಾಡುತ್ತಾರೆ ಗೊತ್ತಾ? ಫ್ಲಾಸ್ಕಿಗೆ ಅಕ್ಕಿ, ಉಪ್ಪುನೀರು ಹಾಕಿ ಬೇಯಿಸಿ, ಶಿಲೀಂಧ್ರ ಬಿತ್ತಿ ಮೂರು–ನಾಲ್ಕು ವಾರ ಸುಮ್ನೆ ಬಿಡುತ್ತಾರೆ. ಹೌದು, ಅನ್ನವೇ! ಅಕ್ಕಿ ಬದಲು ಬೇರೆ ಆಹಾರ ಕೊಟ್ಟರೆ ಅದೇ ಶಿಲೀಂಧ್ರ ಬೇರೆಯೇ ವಸ್ತು ಮಾಡಬಹುದು. ಬೂಷ್ಟು ಹಿಡಿದ ಅನ್ನದಿಂದ ಈಥೈಲ್ ಅಸಿಟೇಟ್ ಅನ್ನೋ ದ್ರಾವಕ ಹಾಕಿ ಸಾರ ತೆಗೆಯುತ್ತಾರೆ. ಅದರಲ್ಲಿನ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ಕ್ಯಾನ್ಸರ್ ಕೋಶಗಳ ಮೇಲೆ ಹಾಕುತ್ತಾರೆ. ಆಮೇಲೆ ಒಂದು ಹಳದಿ ದ್ರಾವಣ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಹಳದಿಯಾಗೇ ಉಳಿದರೆ ಕೋಶ ಸತ್ತಿದೆ ಅಂತ.

ಪತ್ರಿಕೆಯ ಸುದ್ದಿ ಹುಟ್ಟುವುದು ಇಲ್ಲೇ. ನನಗಂತೂ ಇಷ್ಟಕ್ಕೇ ಸಂಭ್ರಮ ಬರಲ್ಲ. ತಟ್ಟೆಯಲ್ಲಿರುವ ಕೋಶ ಕೊಲ್ಲಲು ಬ್ಲೀಚಿಂಗ್ ಪೌಡರೂ ಸಾಕು, ಅಲ್ವಾ? ಒಳ್ಳೆಯ ಕೋಶ ಬಿಟ್ಟು ಕ್ಯಾನ್ಸರ್ ಕೋಶವನ್ನಷ್ಟೇ ಕೊಲ್ಲುವ ವಸ್ತು ಸಿಗುವುದು ಅಪರೂಪ.

ಸಮುದ್ರದಿಂದ ಏನೂ ಬಂದಿಲ್ಲ ಅಂತಲ್ಲ. ಕೆರಿಬಿಯನ್ ಕಡಲಿನ ಸ್ಪಂಜು ಅನ್ನೋ ಜೀವಿಯ ಜಾಡು ಹಿಡಿದು ಮಾಡಿದ ಸೈಟರಾಬಿನ್‌ಗೆ 1969ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ರಕ್ತದ ಕ್ಯಾನ್ಸರ್‌ಗೆ ಈಗಲೂ ಕೊಡುತ್ತಾರೆ. ಶಿಲೀಂಧ್ರದ ಕಡೆಯಿಂದ ತುಂಬ ದೂರ ಬಂದದ್ದು ಪ್ಲಿನಾಬುಲಿನ್. ಸಮುದ್ರದ ಆಸ್ಪರ್ಜಿಲಸ್ ಒಂದರ ವಸ್ತುವನ್ನು ತಿದ್ದಿ ಮಾಡಿದ್ದು, ಆದರೆ ಆಳ ಸಮುದ್ರದ್ದಲ್ಲ. ಕೀಮೋದಿಂದ ಬಿಳಿ ರಕ್ತಕಣ ಕುಸಿಯದಂತೆ ತಡೆಯಲು ಅಂತ ಅನುಮತಿ ಕೇಳಿದ್ದರು. 2021ರಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಒಪ್ಪಲಿಲ್ಲ, ಇನ್ನೊಂದು ಪ್ರಯೋಗ ಮಾಡಿ ಬನ್ನಿ ಅಂದಿತು.