'ನೈಸ್' ಅನ್ನುವ ಹೊಗಳಿಕೆಗೆ ಮೊದಲು ಏನು ಅರ್ಥ ಇತ್ತು?

ಮೊದಲು ಅದು ಬೈಗುಳ! ಲ್ಯಾಟಿನ್‌ನ 'ನೆಸ್ಕಿಯಸ್' ಅಂದರೆ ಏನೂ ತಿಳಿಯದವನು. 'ನೆ' ಅಂದರೆ ಇಲ್ಲ, 'ಸ್ಕಿರೆ' ಅಂದರೆ ತಿಳಿಯುವುದು. ಸೈನ್ಸ್ ಪದವೂ ಇದೇ ಬೇರಿನದು, ತಮಾಷೆ ಅಲ್ವಾ? ಹಳೇ ಫ್ರೆಂಚ್ ದಾಟಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ 'ಪೆದ್ದ' ಅಂತಲೇ ಅರ್ಥ. ಆಮೇಲೆ ನಾಜೂಕು, ಸೂಕ್ಷ್ಮ ಅಂತಾಯಿತು. 'ಚೆನ್ನಾಗಿದೆ' ಅನ್ನುವುದು ಬಳಕೆಗೆ ಬಂದಿದ್ದು 18ನೇ ಶತಮಾನದಲ್ಲಿ.

ನಡುವಿನ ಆ ಸೂಕ್ಷ್ಮದ ಅರ್ಥದ ನೆರಳು ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ ಅನಿಸುತ್ತದೆ. ತುಮಕೂರಿನ ನಮ್ಮ ಮನೆಯಲ್ಲಿ ತಟ್ಟೆ ಇಡ್ಲಿಗೆ ನೆನೆಹಾಕಿದ ದಿನ ಅಮ್ಮ ಹೇಳುವುದೇ ಹೀಗೆ: "ಉದ್ದು ನೈಸಾಗಿ ರುಬ್ಬು, ಅಕ್ಕಿ ತರಿತರಿಯಾಗಿರಲಿ." ಜಾಸ್ತಿ ಹೊಗಳಿದರೆ ಮಾತ್ರ, "ಸುಮ್ನೆ ನೈಸ್ ಮಾಡಬೇಡ" ಅನ್ನುತ್ತಾರೆ. ಅಂದರೆ ಪೂಸಿ ಹೊಡೆಯಬೇಡ ಅಂತ.